ಅಟ್ಟುಣ್ಣುವ ಬಿಡಾರ

ನಮ್ಮವ್ವನ ಲೆಕ್ಕದಲ್ಲಿ ಪ್ರವಾಸವೆಂದರೆ ಅಡಿಗೆಮನೆಯನ್ನು ಒಂದೂರಿಂದ ಇನ್ನೊಂದೂರಿಗೆ ಸಾಗಿಸುವುದು. ಹೋಳಿ ಹುಣ್ಣಿಮೆಗೆ ಕುರುಗೋಡಿನ ದೊಡ್ಡಬಸವೇಶ್ವರನ ತೇರು. ಬಳ್ಳಾರಿಯಿಂದ ಬಸ್ಸಿನಲ್ಲಿ ತಾಸಿನ ದಾರಿ; ಮನೆಯಲ್ಲಿ ಮಾತ್ರ ಕಾಶಿಗೆ ಹೊರಟಷ್ಟು ಗದ್ದಲ. ಬತ್ತಿ ಸ್ಟೋವು, ಸೀಮೆಎಣ್ಣೆ ಡಬ್ಬಿ, ರೊಟ್ಟಿ ಹಂಚು, ಶೇಂಗಾ ಪುಡಿ, ಗುರೆಳ್ಳು ಪುಡಿ, ಎಲ್ಲಕ್ಕೂ ಮೇಲೆ ಸಿರುಗುಪ್ಪದ ದೊಡ್ಡಮ್ಮ ಕಳಿಸಿದ ಸೋನಾ ಮಸೂರಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಾಗಿ ಕಾಲುವೆ ನೀರು ಹರಿದಮೇಲೆ ಆ ಸೀಮೆಯ ಭತ್ತದ ಗದ್ದೆ ಹಿಗ್ಗಿತು. ಗದ್ದೆಯ ಜೊತೆಗೆ, ಬೀಗರು ನೆಂಟರಿಗೆಲ್ಲ ಅಕ್ಕಿ ಚೀಲ ಕಳಿಸುವ ಗತ್ತೂ ಹಿಗ್ಗಿತು.

“ಅಲ್ಲಿ ಅಂಗಡಿ ಇಲ್ಲೇನು?” ಎಂದು ಅಪ್ಪ.

“ಅಂಗಡಿ ಅಕ್ಕಿ ಯಾರು ತಿಂತಾರ್ರೀ?” ಎಂದು ಅವ್ವ. ಅಪ್ಪ ಚೀಲ ಹೊರುತ್ತಿದ್ದರು.

ನಮ್ಮ ಬಿಡಾರ ತೇರಿನ ಬೀದಿಯ ಹಿಂದಿನ ಓಣಿಯಲ್ಲಿ, ಒಬ್ಬ ಅಜ್ಜಿಯ ಮನೆಯ ಪಡಸಾಲೆ. ಬಾಡಿಗೆ ಎಷ್ಟೆಂದು ಕೇಳಿದರೆ ಅಜ್ಜಿಗೆ ಸಿಟ್ಟು, ಕೇಳದಿದ್ದರೆ ಇನ್ನೂ ಸಿಟ್ಟು. ಅಂಗಳದ ಗಾಳಿಗೆ ಸ್ಟೋವು ಹತ್ತಿದ್ದೇ ಇಲ್ಲ. ಆದರೂ ಅದನ್ನು ಒಯ್ಯುವುದು ತಪ್ಪಲಿಲ್ಲ. ಕೊನೆಗೆ ಮೂರು ಕಲ್ಲು ಹೂಡಿ, ಪಾತ್ರೆಯ ತಳಕ್ಕೆ ಹಸಿ ಮಣ್ಣು ಬಳಿದು, ಅವ್ವ ಎಸರಿಡುತ್ತಿದ್ದಳು. ಮಣ್ಣು ಬಳಿದರೆ ಮಸಿ ಪಾತ್ರೆಗೆ ಹಿಡಿಯದೆ ಮಣ್ಣಿನ ಜೊತೆಗೇ ಬಿಡುತ್ತದೆ. ಬಳಿಯುವಾಗ ಅವಳ ಹೆಬ್ಬೆರಳು ಕಂಠದಿಂದ ನಾಲ್ಕು ಬೆರಳು ಕೆಳಗೆ ಸುತ್ತ ಓಡುತ್ತಿತ್ತು, ಗೆರೆ ಎಳೆದಂತೆ.

ಇಷ್ಟೆಲ್ಲ ಹೊತ್ತು ಹೋದರೂ ಏನೋ ಒಂದು ಮರೆತಿರುತ್ತಿತ್ತು. ಒಂದು ವರ್ಷ ಉಪ್ಪು, ಮತ್ತೊಂದು ವರ್ಷ ಹುಣಸೆಹಣ್ಣು. ಪಕ್ಕದ ಬಿಡಾರದವರ ಹತ್ತಿರ ಹೋಗಬೇಕು. ಹೋದಮೇಲೆ ಯಾವೂರು, ಯಾರ ಪೈಕಿ ಎಂಬ ವಿಚಾರಣೆ. ಉಪ್ಪು ತಂದ ಬಟ್ಟಲನ್ನು ಬರಿದೇ ಕೊಡುವಂತಿಲ್ಲ, ಸಾರು ತುಂಬಿ ಕೊಡಬೇಕು. ಅವರು ಮಿರ್ಚಿ ಕಳಿಸುವರು. ತೇರು ಎಳೆಯುವ ಹೊತ್ತಿಗೆ ಅವ್ವನಿಗೆ ಅರ್ಧ ಓಣಿಯೇ ಬಳಗ. ಅವಳು ಬೇಕೆಂದೇ ಮರೆಯುತ್ತಿದ್ದಳೆಂದು ನನ್ನ ಗುಮಾನಿ. ಗುಡಿಯಲ್ಲಿ ಏಕಶಿಲೆಯ ಬಸವಣ್ಣ ಆಳೆತ್ತರ ಮೀರಿ ಕೂತಿದ್ದರೂ ಅವನ ಮುಂದೆ ಅವಳು ನಿಂತದ್ದು ಕಡಿಮೆ. ಒಲೆಯ ಮೇಲೆ ಬೇಳೆ ಇತ್ತಲ್ಲ.

ಹಿಂದೆ ಬಳ್ಳಾರಿ ದಂಡಿನ ದೊರೆಗಳಿಗೂ ಬಿಡಾರದ ಹುಚ್ಚಿತ್ತು. ಬಿಸಿಲು ತಾಳದೆ ಸಂಡೂರಿನ ರಾಮನದುರ್ಗದ ಮೇಲೆ ಬಂಗಲೆ ಕಟ್ಟಿಕೊಂಡರು. 3,000 ಅಡಿ ಎತ್ತರ, ತಣ್ಣನೆ ಗಾಳಿ. ಗೋಡೆಗಳು ಇವತ್ತಿಗೂ ಪಾಳುಬಿದ್ದು ನಿಂತಿವೆ. ಅಟ್ಟಿಡಲು ಅವರಿಗೆ ಬಟ್ಲರ್ ಇದ್ದಿರಬೇಕು. ಹೊರಲು ನಮ್ಮವರ ಹೆಗಲಂತೂ ಇತ್ತು.

ಕಾಲ ಹೇಗೆ ತಿರುಗುತ್ತದೆ ನೋಡಿ. ಈಗ ನನ್ನ ತಂಗಿಯ ಮಗ ಅವರ ದೇಶಕ್ಕೇ ಹೋಗಿ, ವೇಲ್ಸಿನ ಕಡಲಂಚಿನ ಹಳ್ಳಿಯಲ್ಲಿ ವಾರಕ್ಕೆ ಕಾಟೇಜು ಹಿಡಿದು, ತಾನೇ ಅಟ್ಟು ತಾನೇ ಬಳಿಯುತ್ತಾನೆ. ಬೀಗದ ಕೈ ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿ. ನಂಬರು ತಿರುಗಿಸಿದರೆ ತೆರೆಯುತ್ತದೆ. ಮನೆಯವರ ಮುಖವನ್ನೇ ಅವನು ಕಂಡಿಲ್ಲ. ಒಳಗೆ ಕೆಟಲ್ಲು, ಓವನ್ನು, ಚಮಚ, ಉಪ್ಪು, ಮೆಣಸು, ಎಲ್ಲ ಐತಿ ಎಂದು ಫೋನಿನಲ್ಲಿ ಕ್ಯಾಮೆರಾ ತಿರುಗಿಸಿ ತೋರಿಸಿದ. ಕುರುಗೋಡಿನಲ್ಲೂ ಈಗ ಹೆಚ್ಚಿನವರು ಬೈಕಿನಲ್ಲಿ ಬಂದು, ದಾಸೋಹದಲ್ಲಿ ಉಂಡು, ಸಂಜೆಗೇ ಬಳ್ಳಾರಿ ಸೇರುತ್ತಾರೆ. ಹೋಲಿಸಿದರೆ ಇವನೇ ಹಳೇ ಕಾಲದವನು.

ಅವ್ವನಿಗೆ ಸಮಾಧಾನವಿಲ್ಲ. “ರೊಕ್ಕ ಕೊಟ್ಟು ಅಡಿಗಿ ಮಾಡೋದ್ಯಾಕಪ್ಪ? ಹೋಗ್ಲಿ, ಮಗ್ಗಲ ಮನ್ಯಾಗ ಯಾರದಾರ?”

“ಯಾರೂ ಇಲ್ಲ ಅಜ್ಜಿ. ಬರೇ ಕುರಿ.” ಅವನು ಹೇಳಿದ್ದು ಸುಳ್ಳಲ್ಲ, 30 ಲಕ್ಷ ಜನರ ಆ ನಾಡಿನಲ್ಲಿ ಮನುಷ್ಯರಿಗಿಂತ ಕುರಿಗಳೇ ಹೆಚ್ಚು.

“ಕುರಿ ಅದಾವಂದ್ರ ಕಾಯೋರೂ ಇರ್ತಾರ. ಹೋಗಿ ಒಂದೀಟು ಉಪ್ಪು ಕೇಳ್ಕೊಂಡು ಬಾ.”

“ಉಪ್ಪು ಐತಿ ಅಜ್ಜಿ!”

“ಇದ್ರೂ ಕೇಳಬೇಕೋ, ಹುಚ್ಚಪ್ಪ.”