ಕ್ಯಾರಿಯಿಂದ – 17: ಹಂಪಿಯ ಸತ್ಯಭಾಮೆ

ಇಲ್ಲಿ ಕ್ಯಾರಿಯಲ್ಲಿ ತೆಲುಗಿನವರು ಬಹಳ. ಹಳೇ ನಾಯಕಿ ಅಂದ್ರೆ ಅವರ ಬಾಯಿಗೆ ಮೊದಲು ಬರೋದು ಸಾವಿತ್ರಿ. ನಾನು ಮಾತ್ರ ಜಮುನಾ ಪಾರ್ಟಿ! ಆಕೆ 1936ರಲ್ಲಿ ಹುಟ್ಟಿದ್ದು ನಮ್ಮ ಹೊಸಪೇಟೆ ಪಕ್ಕದ ಹಂಪಿಯಲ್ಲಿ ಅಂದ್ರೆ ಇವರಿಗೆ ಆಶ್ಚರ್ಯ. ಬೆಳೆದದ್ದು ಗುಂಟೂರು ಕಡೆಯ ದುಗ್ಗಿರಾಲದಲ್ಲಿ.

'ಶ್ರೀಕೃಷ್ಣ ತುಲಾಭಾರಂ' (1966) ನೆನಪಿದೆಯಾ? ಒಡವೆ ರಾಶಿಗೂ ಏಳದ ತಕ್ಕಡಿ ರುಕ್ಮಿಣಿಯ ತುಳಸಿದಳಕ್ಕೆ ಏಳ್ತದೆ, ಸತ್ಯಭಾಮೆಯ ಸೊಕ್ಕು ಮುರೀತದೆ. ಕಥೆ ಇರೋದೇ ಅದಕ್ಕೆ. ಆದ್ರೆ ಟಿವಿಯಲ್ಲಿ ಬಂದಾಗ ನಮ್ಮಮ್ಮ ಕಣ್ಣರಳಿಸಿ ನೋಡ್ತಿದ್ದದ್ದು ಸೊಕ್ಕು ಇರೋ ತನಕ ಮಾತ್ರ. ತಕ್ಕಡಿ ಬಂದ ಕೂಡಲೇ ಅಡುಗೆಮನೆಗೆ ಎದ್ದು ಹೋಗ್ತಿದ್ಳು. ನಾನು ಬಿಎಸ್‌ಸಿ ನರ್ಸಿಂಗ್ ಓದ್ತೀನಿ, ಈಗಲೇ ಮದುವೆ ಬೇಡ ಅಂದಾಗ ಮನೆಯ ಹಿರಿಯರು "ಸತ್ಯಭಾಮೆ ಸೊಕ್ಕು ಇದಕ್ಕೆ" ಅಂದ್ರು. "ಇರಲಿ ಬಿಡ್ರಿ" ಅಂದವಳು ಅಮ್ಮನೇ.

ಪರದೆ ಹೊರಗೂ ಜಮುನಾ ಹಾಗೇ ಇದ್ರು. ಎನ್‌ಟಿಆರ್, ಎಎನ್‌ಆರ್ ಇಬ್ಬರೂ ಸುಮಾರು ಮೂರು ವರ್ಷ ಆಕೆ ಜೊತೆ ನಟಿಸಲಿಲ್ಲ. ಆಗಿನ ಕಾಲಕ್ಕೆ ಅದು ಸಣ್ಣ ಮಾತಲ್ಲ. ಆಕೆ ಬಗ್ಗಲಿಲ್ಲ, ಬೇರೆ ನಾಯಕರ ಜೊತೆ ಸಿನಿಮಾ ಮಾಡಿದ್ರು. 1962ರ 'ಗುಂಡಮ್ಮ ಕಥಾ'ದಲ್ಲಿ ಮೂವರೂ ಒಟ್ಟಿಗೆ ಇದ್ದಾರೆ. ಅದರಲ್ಲೂ ಆಕೆಗೆ ಸೊಕ್ಕಿನ ಮಗಳ ಪಾತ್ರ ನೋಡ್ರಿ! ಮುಂದೆ 1989ರಲ್ಲಿ ರಾಜಮಂಡ್ರಿಯಿಂದ ಲೋಕಸಭೆಗೂ ಹೋದ್ರು.

ತೆಲುಗು ಬೇಡ ಅನ್ನೋರು ಪುಟ್ಟಣ್ಣನವರ 'ಸಾಕ್ಷಾತ್ಕಾರ' (1971) ನೋಡ್ರಿ, ರಾಜಣ್ಣನ ಜೋಡಿಯಾಗಿ ಇದೇ ಜಮುನಾ. ಕರವಸ್ತ್ರ ಹತ್ತಿರ ಇರಲಿ.