ಅಜ್ಜಿಯ ಕೈಗೊಂದು ಕೆಲಸ

ಬೆಳಗೊಳದ ಸುತ್ತಲಿನ ನಾಲೆ ನೀರಿನ ಊರುಗಳಲ್ಲಿ ವಯಸ್ಸಾದವರ ಕೈ ನೋಡಿದರೆ ಗೌರವ ಹುಟ್ಟುತ್ತದೆ. ಪೈರು ನೆಟ್ಟು, ಕಳೆ ಕಿತ್ತು, ಕಬ್ಬಿನ ಗರಿ ಸುಲಿದು, ಎರಡು ಹೊತ್ತು ಹಾಲು ಕರೆದ ಕೈಗಳು ಅವು. ಅರವತ್ತೈದೋ ಎಪ್ಪತ್ತೋ ಆಗುವಷ್ಟರಲ್ಲಿ ಅದೇ ಕೈ ಉಪ್ಪಿನಕಾಯಿ ಜಾಡಿಯ ಮುಚ್ಚಳಕ್ಕೆ ಸೋಲುತ್ತದೆ. ‘ಬುಡತ್ತೆ, ನಾನ್ ತತ್ತೀನಿ’ ಎಂದು ಸೊಸೆ ಬಿಂದಿಗೆ ಇಸಿದುಕೊಳ್ಳುತ್ತಾಳೆ. ಪ್ರೀತಿಯೇ ಅದು. ಆದರೆ ಒಂದೊಂದೇ ಕೆಲಸ ಕೈಬಿಟ್ಟ ಹಾಗೆ ಹಿಡಿತವೂ ಸಡಿಲವಾಗುತ್ತದೆ ಎಂಬುದು ನನ್ನ ಆತಂಕ.

ವಯಸ್ಸಿನ ಪಾಲೂ ಇದೆ, ಇಲ್ಲವೆನ್ನಲಾರೆ. ಐವತ್ತು ದಾಟಿದ ಮೇಲೆ ಹಿಡಿತದ ಬಲ ಇಳಿಯುತ್ತದೆ. ಬೆರಳು ಮಡಿಸುವ ದೊಡ್ಡ ಸ್ನಾಯುಗಳಿರುವುದು ಮೊಣಕೈ ಮತ್ತು ಮಣಿಕಟ್ಟಿನ ನಡುವೆ; ಬಾವಿಯ ಹಗ್ಗದಂತೆ ಅವು ದೂರದಿಂದಲೇ ಬೆರಳನ್ನು ಎಳೆಯುತ್ತವೆ. ಮುಷ್ಟಿ ಸೋತಿತೆಂದರೆ ಬರೀ ಕೈ ಸೋತದ್ದಲ್ಲ, ಮೈಯ ಕಸುವೇ ತಗ್ಗುತ್ತಿರಬಹುದು. 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರ ಹಿಡಿತ ಅಳೆದಿತ್ತು. ಬಲ ಪ್ರತಿ 5 ಕೆ.ಜಿ. ಕಡಿಮೆಯಾದಂತೆ ಸಾವಿನ ಅಪಾಯ ಶೇ. 16ರಷ್ಟು ಹೆಚ್ಚು ಕಂಡಿತು. ಏಷ್ಯಾದ ತಜ್ಞರ 2019ರ ಲೆಕ್ಕದಲ್ಲಿ ಗಂಡಸರಿಗೆ 28, ಹೆಂಗಸರಿಗೆ 18 ಕೆ.ಜಿ.ಗಿಂತ ಕಡಿಮೆಯಾದರೆ ಅದು ದುರ್ಬಲ ಹಿಡಿತ.

ಹಿಡಿತ ಉಳಿಸಿಕೊಳ್ಳಲು ಜಿಮ್ಮು ಬೇಡ. ಅವರೆಕಾಯಿ ಕಾಲ ಬಂತೆಂದರೆ ನೆನೆಸಿದ ಕಾಳನ್ನು ಅಜ್ಜಿಯ ಮುಂದಿಡಿ. ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದೇ ಕಾಳು ಹಿತುಕುವಾಗ ಗುಂಡಿ ಹಾಕಲು, ಬೀಗದ ಕೈ ತಿರುಗಿಸಲು ಬೇಕಾದ ಬಲವೇ ಕೆಲಸ ಮಾಡುತ್ತದೆ. ಅವರೆ ಮುಗಿದ ಮೇಲೆ ಬಕೆಟ್ಟಿನಲ್ಲಿ ರಾಗಿ ತುಂಬಿ, ಕೈ ಹುದುಗಿಸಿ ಮುಷ್ಟಿ ಕಟ್ಟಿ ಬಿಚ್ಚಲಿ. ಒದ್ದೆ ಟವೆಲ್ ಹಿಂಡುವಾಗ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಸುತ್ತಿದ ಕಾಲುಚೀಲವನ್ನು ಐದು ಸೆಕೆಂಡು ಅದುಮಿ ಬಿಡುವುದು, ಹತ್ತು ಸಲ, ಉಸಿರು ಕಟ್ಟಬಾರದು. ಬೆರಳು ಬಿಡಿಸುವ ಸ್ನಾಯುಗಳನ್ನು ಎಲ್ಲರೂ ಮರೆಯುತ್ತಾರೆ. ಐದೂ ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸಿದರೆ ಅವಕ್ಕೂ ಕೆಲಸವಾಯಿತು. ಬೆಳಿಗ್ಗೆ ಕೈ ಮರಗಟ್ಟುವವರು ಮೊದಲು ಬೆಚ್ಚನೆಯ ನೀರಲ್ಲಿ ಅದ್ದಲಿ.

ಗೆಣ್ಣು ಊದಿ ಕೆಂಪಾಗಿದ್ದರೆ ಈ ಅದುಮುವುದೆಲ್ಲ ನಿಲ್ಲಬೇಕು. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಒಂದೇ ಕಡೆಯ ಕೈ ಇದ್ದಕ್ಕಿದ್ದಂತೆ ಸೋತು ಮಾತು ತೊದಲಿದರಂತೂ ಅದು ಪಾರ್ಶ್ವವಾಯು ಇರಬಹುದು. ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೊರಡಿ.

ಉಳಿದ ದಿನಗಳಲ್ಲಿ ಬಿಂದಿಗೆಯನ್ನು ಪೂರ್ತಿ ಇಸಿದುಕೊಳ್ಳಬೇಡಿ. ಅರ್ಧ ನೀರು ತುಂಬಿಕೊಡಿ, ಹಿತ್ತಲಿಂದ ಅಡುಗೆಮನೆಯವರೆಗೆ ಅವರೇ ತರಲಿ, ಸೊಸೆ ಜೊತೆಗೆ ನಡೆಯಲಿ.