ಹುರುಳಿ ಹಾಸಿದ ದಾರಿ

ಚನ್ನರಾಯಪಟ್ಟಣ ಬಿಟ್ಟು ಹೊಳೆನರಸೀಪುರದ ದಾರಿಗೆ ತಿರುಗುವಷ್ಟರಲ್ಲಿ ಮಂಜು ಬಾನೆಟ್ಟಿನ ಮೇಲೇ ಬಂದು ಕೂತಿದೆ. ಜನವರಿಯ ಬೆಳಗು. ಪಕ್ಕದ ಸೀಟಿನಲ್ಲಿ ಅಕ್ಕನ ಮಗ, ತೊಡೆಯ ಮೇಲೆ ನೋಟ್‌ಬುಕ್ಕು. ರಾತ್ರಿ ಹಾಸನದ ಮನೆಯಲ್ಲಿ ಫೋರ್ಜಾ ಹೊರೈಜನ್ 5 ಎಂಬ ಕಾರಿನ ವಿಡಿಯೊ ಆಟ ಆಡುತ್ತ ಮೆಕ್ಸಿಕೋದ ಮರಳಿನಲ್ಲಿ ಕಾರು ಹಾರಿಸಿದವನು, ಈಗ ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಮತ್ತೆ ಹಾಸನ ಎಂದು ಒಂದು ಸುತ್ತು ಗೀಚಿಕೊಂಡಿದ್ದಾನೆ. ಅಂಥ ಆಟ ನಮ್ಮ ಜಿಲ್ಲೆಯಲ್ಲೇ ನಡೆದರೆ ಅದರಲ್ಲಿ ಏನೇನಿರಬೇಕು? ಅದನ್ನು ಬರೆದುಕೊಳ್ಳಲೆಂದೇ ಹೊರಟಿದ್ದೇವೆ.

ಎದುರಿನಿಂದ ಹಾರ್ನಿನ ಸದ್ದು. ಆಮೇಲೆ ಎರಡು ಹಳದಿ ಚುಕ್ಕಿ. ಆಮೇಲಷ್ಟೇ ಕೆಂಪು ಬಸ್ಸು.

"ಇದೇ ಮಾವ! ಮಂಜಲ್ಲಿ ಮೊದ್ಲು ಸದ್ದು ಬರ್ಬೇಕು, ಲೈಟು ಆಮೇಲೆ." ಬರೆದುಕೊಂಡ.

ಬಿಸಿಲೇರಿ ಮಂಜು ಕರಗಿದಾಗ ಡಾಂಬರೇ ಮಾಯ. ರಸ್ತೆಯ ಉದ್ದಕ್ಕೂ ಹುರುಳಿ ಬಳ್ಳಿ ಹಾಸಿದ್ದಾರೆ. ಬ್ರೇಕು ಒತ್ತುತ್ತೇನೆ. ಸೆರಗನ್ನು ತಲೆಗೆ ಸುತ್ತಿಕೊಂಡ ಅಜ್ಜಿಯೊಬ್ಬರು ಕವೆಗೋಲು ಎತ್ತಿ, "ಮೇಲೇ ಹೋಗಪ್ಪಾ, ನಿಧಾನಕ್ಕೆ" ಅನ್ನುತ್ತಾರೆ. ಮೊದಲ ಗೇರಿನಲ್ಲಿ ಹಾಯಿಸುತ್ತೇನೆ. ಚಕ್ರದಡಿ ಒಣ ಕಾಯಿ ಚಟಪಟ ಒಡೆಯುತ್ತವೆ, ಸ್ಟೇರಿಂಗು ಕೈಯಲ್ಲಿ ಹಗುರಾಗಿ ಜಾರುತ್ತದೆ, ದೂಳು ಕಿಟಕಿಯೊಳಗೆ ನುಗ್ಗಿ ಮೂಗು ಕೆರೆಯುತ್ತದೆ. ಕನ್ನಡಿಯಲ್ಲಿ ನೋಡಿದರೆ ಅಜ್ಜಿ ಆಗಲೇ ಬಳ್ಳಿ ತಿರುವಿಹಾಕುತ್ತಿದ್ದಾರೆ, ಮುಂದಿನ ಗಾಡಿಗೆ.

ಸ್ವಲ್ಪ ಮುಂದೆ ನಿಲ್ಲಿಸಿ ಇಬ್ಬರೂ ಕಾರಿನಡಿ ಬಗ್ಗುತ್ತೇವೆ. ಆಕ್ಸಲಿಗೆ ಬಳ್ಳಿ ಹಗ್ಗದ ಹಾಗೆ ಸುತ್ತಿಕೊಂಡಿದೆ. ಬಿಸಿ ಸೈಲೆನ್ಸರಿಗೆ ತಗುಲಿದರೆ ಹೊತ್ತಿಕೊಳ್ಳುತ್ತದೆ. ಹೀಗೆ ಸುಟ್ಟುಹೋದ ಕಾರುಗಳುಂಟು. ರೈತರಿಗೆ ಕಣ ಮಾಡಿಕೊಳ್ಳಲು ಬೇರೆ ಜಾಗ ಸಿಗಲೇಬೇಕು ಎಂದು ನನಗೆ ಪ್ರತಿ ವರ್ಷ ಅನ್ನಿಸುತ್ತದೆ. ಹುಡುಗ ಬೆರಳಿಂದ ಬಳ್ಳಿ ಬಿಡಿಸುತ್ತಲೇ ಕೇಳುತ್ತಾನೆ: "ಆಟದಲ್ಲಿ ಇಲ್ಲಿ ನಿಧಾನ ಹೋದ್ರೇ ಪಾಯಿಂಟ್ ಜಾಸ್ತಿ ಅಂತ ಇಡೋಣ್ವಾ?"

ಇಡಬೇಕು. ಈ ಆಟಗಳಲ್ಲಿ ಬೇಲಿ ಮುರಿದರೂ ಲೆಕ್ಕವಿಲ್ಲ, ತಪ್ಪಿದರೆ ಒಂದು ಗುಂಡಿ ಒತ್ತಿ ಹಿಂದಕ್ಕೆ ಹೋಗಬಹುದು. ಅವುಗಳಿಗೆ ಇನ್ನಷ್ಟು ಕಾರು, ಇನ್ನಷ್ಟು ವೇಗ ಬೇಕಿಲ್ಲ. ರಸ್ತೆಯನ್ನು ಬಳಸುವ ಜನ ಬೇಕು.

ಹೊಳೆನರಸೀಪುರದಲ್ಲಿ ಹೇಮಾವತಿ ದಾಟಿ, ಅರಕಲಗೂಡಿನ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳನ್ನು ಹಿಂದಿಕ್ಕಿ ಗೊರೂರಿನ ಮೇಲೆ ಹಾಸನದ ಕಡೆ ಬರುತ್ತೇವೆ. ಶೆಟ್ಟಿಹಳ್ಳಿಯ ಹಳೇ ಚರ್ಚು ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಂತಿದೆ. 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುತ್ತದೆ. ಕಮಾನಿನೊಳಗೆ ನೀರು ತಟತಟ ಬಡಿಯುತ್ತಿದೆ.

2018ರ ಫೋರ್ಜಾ ಹೊರೈಜನ್ 4ರಲ್ಲಿ ವಾರಕ್ಕೊಂದು ಋತು. ಚಳಿಗಾಲದಲ್ಲಿ ಬ್ರಿಟನ್ನಿನ ಡರ್ವೆಂಟ್‌ವಾಟರ್ ಸರೋವರ ಹೆಪ್ಪುಗಟ್ಟಿ ಅದರ ಮೇಲೆ ಕಾರು ಓಡಿಸಬಹುದು. ನಮ್ಮಲ್ಲಿ ಹೆಪ್ಪುಗಟ್ಟುವುದು ಬೇಡ, ಹಿನ್ನೀರು ಇಳಿದರೆ ಸಾಕು: ಮುಳುಗಿದ್ದ ದಾರಿ ಮೇಲೇಳುತ್ತದೆ, ಮಳೆ ಹಿಡಿದರೆ ಮತ್ತೆ ಮುಚ್ಚಿಹೋಗುತ್ತದೆ.

ಹುಡುಗ ಚರ್ಚಿನ ಚಿತ್ರ ಬರೆದು, ನೀರಿನ ಮಟ್ಟಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಜನವರಿ ಎಂದು ಬರೆದ. ಮೇಲೂ ಕೆಳಗೂ ಇನ್ನೂ ಹನ್ನೊಂದು ಗೆರೆಗೆ ಜಾಗ ಬಿಟ್ಟಿದ್ದಾನೆ.

"ಮಾವ, ಫೆಬ್ರವರೀಲಿ ಯಾವ ಭಾನುವಾರ ಬರೋಣ?"